ಮೇಜಿನ ಮೇಲೊಂದು ಪುಟ್ಟ ಸ್ಟೇಷನ್: ಕಣ್ಣು, ಕೈ, ಉಸಿರು ಜೋಪಾನ

ರೈಲು ಕಂಡರೆ ಮಕ್ಕಳು ಮಾತ್ರವಲ್ಲ, ದೊಡ್ಡವರೂ ಒಂದು ಗಳಿಗೆ ನಿಂತು ನೋಡುತ್ತಾರೆ. ಆದರೆ ರೈಲಿಗಿಂತ ಅದರ ಪಕ್ಕದ ಸ್ಟೇಷನ್, ಸಿಗ್ನಲ್ ಕ್ಯಾಬಿನ್, ಗೂಡ್ಸ್ ಶೆಡ್, ನೀರಿನ ಟ್ಯಾಂಕುಗಳ ಮೇಲೆಯೇ ಹೆಚ್ಚು ಮೋಹ ಇಟ್ಟುಕೊಂಡವರು ಪ್ರಪಂಚದಲ್ಲಿ ಲಕ್ಷಾಂತರ ಮಂದಿ ಇದ್ದಾರೆ ಎಂದರೆ ನಿಮಗೆ ಆಶ್ಚರ್ಯವಾದೀತು. ಇವರು ಈ ಕಟ್ಟಡಗಳ ಬಿಡಿಭಾಗಗಳಿರುವ ಪೆಟ್ಟಿಗೆಗಳನ್ನು, ಅಂದರೆ ‘ಕಿಟ್’ಗಳನ್ನು ಕೊಂಡು, ಗೋಡೆ, ಕಿಟಕಿ, ಹೆಂಚು, ಹೊಗೆಗೂಡುಗಳನ್ನು ಒಂದೊಂದಾಗಿ ಕತ್ತರಿಸಿ, ಅಂಟಿಸಿ, ಬಣ್ಣ ಬಳಿದು ನಿಲ್ಲಿಸುತ್ತಾರೆ. ಕಟ್ಟುವುದಕ್ಕಿಂತ ಪೆಟ್ಟಿಗೆಗಳನ್ನು ಕೂಡಿಡುವುದರಲ್ಲೇ ಸುಖ ಕಾಣುವವರೂ ಉಂಟು.

ಇದು ಹೆಚ್ಚಾಗಿ ಜರ್ಮನಿ, ಇಂಗ್ಲೆಂಡ್, ಅಮೆರಿಕ, ಜಪಾನುಗಳ ಹವ್ಯಾಸ. ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಸೀಮೆಯ ಫಾಲರ್ ಕಂಪನಿಯನ್ನು ಇಬ್ಬರು ಸೋದರರು ಶುರು ಮಾಡಿದ್ದು 1946ರಲ್ಲಿ. ಅಮೆರಿಕದ ವಾಲ್ದರ್ಸ್ ಅದಕ್ಕಿಂತಲೂ ಹಳೆಯದು, 1932ರದ್ದು. ಹೆಚ್ಚು ಬಳಕೆಯಲ್ಲಿರುವ ಅಳತೆ ‘ಎಚ್‌ಓ’, ಅಂದರೆ ನಿಜದ 87ರಲ್ಲಿ ಒಂದು ಪಾಲು. ಐದು ಅಡಿ ಎಂಟೂವರೆ ಅಂಗುಲದ ಮನುಷ್ಯ ಈ ಲೋಕದಲ್ಲಿ ಎರಡು ಸೆಂಟಿಮೀಟರ್ ಎತ್ತರ! ಹ್ಯಾಂಬರ್ಗ್ ನಗರದಲ್ಲಿ 2001ರಲ್ಲಿ ತೆರೆದ ‘ಮಿನಿಯಟೂರ್ ವುಂಡರ್‌ಲಾಂಡ್’ ಈ ಅಳತೆಯದೇ ದೊಡ್ಡ ಪ್ರದರ್ಶನ. ಇಂಗ್ಲೆಂಡಿನ ಪಾಪ್ ಗಾಯಕ ರಾಡ್ ಸ್ಟೀವರ್ಟ್ ಎರಡು ದಶಕಕ್ಕೂ ಮೇಲ್ಪಟ್ಟು ಕಟ್ಟಿದ ಮಾದರಿ ನಗರವನ್ನು 2019ರಲ್ಲಿ ಪತ್ರಿಕೆಯವರಿಗೆ ತೋರಿಸಿದರು. ಸಂಗೀತ ಪ್ರವಾಸ ಹೋದಾಗಲೂ ಹೋಟೆಲಿನಲ್ಲಿ ಕಟ್ಟಡ ಕಟ್ಟಲೆಂದೇ ಆತ ಇನ್ನೊಂದು ಕೋಣೆ ಹಿಡಿಯುತ್ತಿದ್ದರಂತೆ. ನಮಗೆ ಹತ್ತಿರದಲ್ಲಿ ನೋಡಬೇಕೆಂದರೆ ಪುಣೆಯಲ್ಲಿ ಜೋಶಿ ಅವರ ಪುಟಾಣಿ ರೈಲ್ವೆ ಮ್ಯೂಸಿಯಂ ಇದೆ.

ನಮ್ಮ ಕನ್ನಡದ ಮನೆಗಳಿಗೆ ಇದು ಬರುತ್ತಿರುವ ದಾರಿಯೇ ಬೇರೆ. ಮಗಳ ಬಾಣಂತನಕ್ಕೆಂದು ದಂಪತಿಗಳು ಅಮೆರಿಕಕ್ಕೆ ಹೋಗುತ್ತಾರೆ. ತಾಯಿಗೆ ಕೈತುಂಬ ಕೆಲಸ. ತಂದೆಗೆ? ಹೊರಗೆ ಹಿಮ, ಕಾರು ಓಡಿಸುವಂತಿಲ್ಲ, ಕಟ್ಟೆಯ ಮೇಲೆ ಕೂತು ಹರಟೆ ಹೊಡೆಯಲು ಯಾರೂ ಇಲ್ಲ. ಅಳಿಯಂದಿರು ಹೊತ್ತು ಹೋಗಲೆಂದು ಒಂದು ಕಿಟ್ ತಂದುಕೊಡುತ್ತಾರೆ. ಆರು ತಿಂಗಳ ನಂತರ ಮಾವನವರು ವಾಪಸಾಗುವಾಗ ಸೂಟ್‌ಕೇಸಿನಲ್ಲಿ ನಾಲ್ಕು ಕಿಟ್!

ವೈದ್ಯನಾಗಿ ನನಗೆ ಈ ಹವ್ಯಾಸದ ಮೇಲೆ ತಕರಾರಿಲ್ಲ. ನಿವೃತ್ತಿಯ ನಂತರ ದಿನವಿಡೀ ಟಿ.ವಿ. ಮುಂದೆ, ಇತ್ತೀಚೆಗೆ ಮೊಬೈಲ್ ಮುಂದೆ ಕೂರುವುದಕ್ಕಿಂತ ಇದು ಎಷ್ಟೋ ವಾಸಿ. ಬೆರಳುಗಳಿಗೆ ಕೆಲಸ, ಮನಸ್ಸಿಗೆ ಗುರಿ, ಮೊಮ್ಮಕ್ಕಳೊಡನೆ ಮಾತಿಗೆ ವಿಷಯ. ಆದರೆ ಅಡಿಗೆಮನೆಯಲ್ಲಿ ಬೆಂಕಿ ಇದೆ ಎಂದು ಎಲ್ಲರಿಗೂ ಗೊತ್ತಿರುವ ಹಾಗೆ, ಈ ಮೇಜಿನ ಮೇಲೆ ಏನಿದೆ ಎಂಬುದು ಮನೆಯವರಿಗೆ ಗೊತ್ತಿರುವುದಿಲ್ಲ.

ಅಂಟಲ್ಲ, ಕರಗಿಸುವ ದ್ರವ

ಮುಖ್ಯ ವಿಷಯಕ್ಕೆ ಬರೋಣ. ಪ್ಲಾಸ್ಟಿಕ್ ಕಿಟ್‌ಗಳ ಜೊತೆ ಬಳಸುವ ಪುಟ್ಟ ಸೀಸೆಯ ‘ಸಿಮೆಂಟ್’ ನಮ್ಮ ಗೋಂದಿನಂಥ ಅಂಟಲ್ಲ. ಅದು ಪ್ಲಾಸ್ಟಿಕ್ಕನ್ನು ಕರಗಿಸುವ ದ್ರವ. ಈ ಕಿಟ್‌ಗಳ ಪ್ಲಾಸ್ಟಿಕ್ ಪಾಲಿಸ್ಟೈರೀನ್, ಅಂದರೆ ಗಣೇಶನ ಮಂಟಪಕ್ಕೆ ಬಳಸುತ್ತಿದ್ದ ಥರ್ಮಾಕೋಲಿನ ಒಡಹುಟ್ಟು. ಈ ದ್ರವವನ್ನು ಥರ್ಮಾಕೋಲಿನ ತುಂಡಿನ ಮೇಲೆ ಒಂದು ತೊಟ್ಟು ಹಾಕಿ ನೋಡಿ, ಕಣ್ಣೆದುರೇ ತೂತು ಬೀಳುತ್ತದೆ. ಎರಡು ಗೋಡೆಗಳ ಅಂಚು ಹೀಗೆ ಕರಗಿ ಒಂದರೊಳಗೊಂದು ಬೆರೆತು, ದ್ರವ ಆವಿಯಾಗಿ ಹೋದಾಗ ಬೆಸುಗೆ ಗಟ್ಟಿಯಾಗುತ್ತದೆ. ಆವಿಯಾಗಿ ಹೋದದ್ದು ಎಲ್ಲಿಗೆ ಹೋಯಿತು? ಕಿಟಕಿ ಮುಚ್ಚಿದ್ದರೆ ನಿಮ್ಮ ಶ್ವಾಸಕೋಶಕ್ಕೆ, ಅಲ್ಲಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ.

ಈ ಸೀಸೆಗಳಲ್ಲಿ ಬ್ಯುಟನೋನ್, ಬ್ಯುಟೈಲ್ ಅಸಿಟೇಟ್ ಮುಂತಾದ ದ್ರಾವಕಗಳಿರುತ್ತವೆ. ಹಿಂದಿನ ಟ್ಯೂಬ್‌ಗಳಲ್ಲಿ ಟಾಲ್ಯೂಯೀನ್ ಸಾಮಾನ್ಯವಾಗಿತ್ತು. ಅಮೆರಿಕದಲ್ಲಿ ಹುಡುಗರು ಮಾದರಿ ವಿಮಾನ ಕಟ್ಟುವ ಅಂಟನ್ನು ಬೇಕೆಂದೇ ಮೂಸಿ ಅಮಲೇರಿಸಿಕೊಳ್ಳುವ ಚಟಕ್ಕೆ ಬಿದ್ದಾಗ, ಟೆಸ್ಟರ್ ಎಂಬ ಕಂಪನಿ 1969ರಲ್ಲಿ ತನ್ನ ಅಂಟಿಗೆ ಸಾಸಿವೆ ಎಣ್ಣೆಯ ಘಾಟನ್ನು ಬೆರೆಸಿತು. ಸಾಸಿವೆ ಅರೆಯುವಾಗ ಮೂಗಿಗೆ ಏರುತ್ತದಲ್ಲ, ಅದೇ ಘಾಟು. ಮೂಸಿದವನಿಗೆ ಮೂಗು ಉರಿದು ಮುಖ ತಿರುಗಿಸಬೇಕು ಎಂಬುದು ಉಪಾಯ.

ನಮ್ಮ ಹಿರಿಯರು ಅಮಲಿಗಾಗಿ ಮೂಸುವವರಲ್ಲ. ಅವರ ತೊಂದರೆ ಬೇರೆ ಬಗೆಯದು: ಚಳಿಯೆಂದು ಕಿಟಕಿ ಮುಚ್ಚುತ್ತಾರೆ, ಸೊಳ್ಳೆಯೆಂದು ಬಾಗಿಲು ಹಾಕುತ್ತಾರೆ, ಪುಟ್ಟ ಭಾಗಗಳು ಹಾರಿಹೋಗುತ್ತವೆಂದು ಫ್ಯಾನ್ ಆರಿಸುತ್ತಾರೆ, ಕಣ್ಣು ಸಾಲದೆಂದು ಮೂಗನ್ನು ಸೀಸೆಯ ಮೇಲೆಯೇ ಇಟ್ಟು ಎರಡು ಗಂಟೆ ಕೂರುತ್ತಾರೆ. ಸಂಜೆ ತಲೆನೋವು, ಓಕರಿಕೆ, ತೂಕಡಿಕೆ, ಹಗುರವಾಗಿ ತಲೆಸುತ್ತು. “ಬಿ.ಪಿ. ಇರಬೇಕು” ಎಂದುಕೊಂಡು ಬರುತ್ತಾರೆ. ನಾನು ಕೇಳುವ ಪ್ರಶ್ನೆ ಒಂದೇ: ಮೇಜಿನ ಹತ್ತಿರ ಹೋಗದ ದಿನ ತಲೆನೋವು ಬರುತ್ತದೆಯೇ? ಇಲ್ಲ ಎಂದಾದರೆ ಮೊದಲು ಗಾಳಿ ಬರುವಂತೆ ಮಾಡಿ ನೋಡುವುದು, ಮಾತ್ರೆ ಆಮೇಲೆ.

ಹೃದಯದ ತೊಂದರೆ ಇರುವವರು ಇನ್ನೊಂದು ಹೆಸರನ್ನು ನೆನಪಿಟ್ಟುಕೊಳ್ಳಬೇಕು. ಡೈಕ್ಲೋರೋಮೀಥೇನ್, ಮೆಥಿಲೀನ್ ಕ್ಲೋರೈಡ್ ಎಂದೂ ಬರೆದಿರುತ್ತದೆ. ಕೆಲವು ಬಗೆಯ ಪ್ಲಾಸ್ಟಿಕ್ ಬೆಸುಗೆ ದ್ರವಗಳಲ್ಲಿ, ಬಣ್ಣ ಕೀಳುವ ದ್ರವಗಳಲ್ಲಿ ಇದು ಇರುತ್ತಿತ್ತು. ಇದರ ವಿಶೇಷವೇನೆಂದರೆ, ಉಸಿರಿನೊಡನೆ ಒಳಹೋದ ಈ ಆವಿಯ ಒಂದು ಭಾಗವನ್ನು ನಮ್ಮ ಯಕೃತ್ತು ಕಾರ್ಬನ್ ಮಾನಾಕ್ಸೈಡ್ ಆಗಿ ಮಾರ್ಪಡಿಸುತ್ತದೆ! ಮುಚ್ಚಿದ ಕೋಣೆಯಲ್ಲಿ ಇದ್ದಿಲು ಒಲೆ ಇಟ್ಟು ಮಲಗಿದವರನ್ನು ಕೊಲ್ಲುವ ಅನಿಲವೇ ಇದು. ರಕ್ತದ ಹಿಮೋಗ್ಲೋಬಿನ್ನನ್ನು ಹಿಡಿದುಕೊಂಡು ಆಮ್ಲಜನಕಕ್ಕೆ ಜಾಗವಿಲ್ಲದಂತೆ ಮಾಡುತ್ತದೆ. ಕೋಣೆಯಿಂದ ಹೊರಗೆ ಬಂದ ಮೇಲೂ ಇದರ ಮಟ್ಟ ಕೆಲವು ಗಂಟೆ ಏರುತ್ತಲೇ ಇರಬಹುದು. 1976ರಲ್ಲಿ ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಒಂದು ವರದಿಯನ್ನು ಓದಿದವರು ಮರೆಯಲಾರರು: ನೆಲಮಾಳಿಗೆಯಲ್ಲಿ ಇಂಥ ದ್ರವದಿಂದ ಮರದ ಸಾಮಾನಿನ ಬಣ್ಣ ಕೀಳುತ್ತಿದ್ದ ಹಿರಿಯರೊಬ್ಬರಿಗೆ ಹೃದಯಾಘಾತವಾಯಿತು. ಗುಣವಾಗಿ ಬಂದು ಮತ್ತೆ ಅದೇ ಕೆಲಸಕ್ಕೆ ಕೂತಾಗ ಮತ್ತೆ ಆಯಿತು. ಮೂರನೆಯ ಸಲ ಅವರು ಉಳಿಯಲಿಲ್ಲ. ಅಮೆರಿಕ ಸರ್ಕಾರ 2024ರಲ್ಲಿ ಮನೆಬಳಕೆಯ ವಸ್ತುಗಳಲ್ಲಿ ಇದನ್ನು ನಿಷೇಧಿಸುವ ನಿಯಮ ಹೊರಡಿಸಿತು. ಆದರೆ ಹಳೆಯ ಕಿಟ್ ಸಂಗ್ರಹಿಸುವವರು ಹಳೆಯ ಸೀಸೆಗಳನ್ನೂ ಜೊತೆಗೇ ಕೊಂಡು ತರುತ್ತಾರೆ ಎಂಬುದನ್ನು ನಿಯಮ ಮಾಡಿದವರು ಏನು ಮಾಡಿಯಾರು? ಆ ಹೆಸರು ಕಂಡರೆ ಸೀಸೆಯನ್ನು ಮುಟ್ಟಬೇಡಿ. ಲೇಬಲ್ಲೇ ಹರಿದುಹೋದ ಸೀಸೆಯನ್ನೂ ಅಷ್ಟೆ.

ಹಾಗಾದರೆ ಕೂರುವುದು ಹೇಗೆ? ಕಿಟಕಿಯ ಪಕ್ಕಕ್ಕೆ ಮೇಜು ಹಾಕಿ. ಗಾಳಿ ನಿಮ್ಮ ಬೆನ್ನ ಕಡೆಯಿಂದ ಬಂದು ಕೆಲಸದ ಮೇಲೆ ಹಾದು ಹೊರಗೆ ಹೋಗಬೇಕು. ಸೀಸೆಯ ಮುಚ್ಚಳವನ್ನು ಬ್ರಷ್ ಅದ್ದುವಷ್ಟು ಹೊತ್ತು ಮಾತ್ರ ತೆಗೆಯಿರಿ. ಈ ಆವಿ ಥಟ್ಟನೆ ಹೊತ್ತಿಕೊಳ್ಳುತ್ತದೆ, ಆದ್ದರಿಂದ ದೇವರ ಕೋಣೆಯ ಪಕ್ಕ, ಊದುಬತ್ತಿಯ ಹತ್ತಿರ ಬೇಡ. ಬಸುರಿ, ಬಾಣಂತಿ, ಎಳೆಗೂಸು ಇರುವ ಕೋಣೆಯಲ್ಲಿ ಬೇಡವೇ ಬೇಡ. ಬಾಣಂತನಕ್ಕೆ ಹೋದ ಮನೆಯಲ್ಲೇ ಈ ಹವ್ಯಾಸ ಶುರುವಾಗುವುದರಿಂದ ಒತ್ತಿ ಹೇಳುತ್ತಿದ್ದೇನೆ. ಆ ಆರು ತಿಂಗಳು ಇಂಗ್ಲೆಂಡಿನಲ್ಲಿ ಬಹಳ ಬಳಕೆಯಲ್ಲಿರುವ ರಟ್ಟಿನ ಕಿಟ್‌ಗಳನ್ನು ಕಟ್ಟಬಹುದು. ಅವಕ್ಕೆ ಬಿಳಿ ಗೋಂದು ಸಾಕು.

ಕೊರೋನಾ ಕಾಲದ ಎನ್-95 ಮಾಸ್ಕ್ ಎಲ್ಲರ ಮನೆಯಲ್ಲೂ ಉಳಿದಿದೆ. ಅದನ್ನು ಕಟ್ಟಿಕೊಂಡು ಧೈರ್ಯವಾಗಿ ಕೂರುವವರಿದ್ದಾರೆ. ಉಪ್ಪುಕಾಗದದಿಂದ ಉಜ್ಜುವಾಗ ಏಳುವ ಧೂಳಿಗೆ ಅದು ಸರಿ. ದ್ರಾವಕದ ಆವಿಯನ್ನು ಅದು ತಡೆಯುವುದಿಲ್ಲ, ಒಂದಿಷ್ಟೂ ಇಲ್ಲ.

ಕ್ಷಣದಲ್ಲಿ ಹಿಡಿಯುವ ಅಂಟು, ಹನ್ನೊಂದನೇ ನಂಬರಿನ ಬ್ಲೇಡು

ಲೋಹ, ರೆಸಿನ್ ಭಾಗಗಳಿಗೆ ‘ಸೂಪರ್ ಗ್ಲೂ’ ಬೇಕಾಗುತ್ತದೆ. ಬೆರಳಿಗೆ ಬೆರಳು ಅಂಟಿಕೊಂಡರೆ ಎಳೆಯಬೇಡಿ, ಚರ್ಮ ಕಿತ್ತು ಬರುತ್ತದೆ. ಬೆಚ್ಚನೆಯ ಸೋಪು ನೀರಿನಲ್ಲಿ ನೆನೆಸಿ ನಿಧಾನವಾಗಿ ಹೊರಳಿಸಿ ಬಿಡಿಸಿ. ಹತ್ತಿಯಿಂದ ಒರೆಸಲು ಹೋಗಬೇಡಿ. ಈ ಅಂಟು ಹತ್ತಿಗೆ, ಉಣ್ಣೆಗೆ ತಾಗಿದರೆ ಸುಡುವಷ್ಟು ಬಿಸಿಯಾಗುತ್ತದೆ. ಕಣ್ಣಿಗೆ ಹಾರಿ ರೆಪ್ಪೆ ಅಂಟಿಕೊಂಡರೆ ಬೆಚ್ಚನೆಯ ನೀರು ಬಿಟ್ಟು, ಒದ್ದೆ ಬಟ್ಟೆ ಮುಚ್ಚಿ, ಅಂದೇ ಕಣ್ಣಿನ ವೈದ್ಯರ ಬಳಿ ಹೋಗಿ. ಬಲವಂತದಿಂದ ಬಿಡಿಸುವ ಸಾಹಸ ಬೇಡ. ಕೆಲವು ದಿನಗಳಲ್ಲಿ ಅದು ತಾನಾಗಿ ಬಿಡುತ್ತದೆ. ಇನ್ನೊಂದು ಮಾತು. ಈ ಟ್ಯೂಬನ್ನೂ ಕಣ್ಣಿನ ಡ್ರಾಪ್ಸನ್ನೂ ಒಂದೇ ಡ್ರಾಯರಿನಲ್ಲಿ ಇಡಬೇಡಿ. ಕನ್ನಡಕ ತೆಗೆದಾಗ ಎರಡೂ ಒಂದೇ ತರಹ ಕಾಣುತ್ತವೆ.

ಚಾಕುವಿನ ವಿಷಯಕ್ಕೆ ಬಂದರೆ, ಇಂಗ್ಲೆಂಡಿನ ಹವ್ಯಾಸಿಗಳು ಬಳಸುವುದು ಷೆಫೀಲ್ಡಿನ ಸ್ವಾನ್-ಮಾರ್ಟನ್ ಕಂಪನಿಯ ಸ್ಕಾಲ್ಪೆಲ್ಲುಗಳನ್ನೇ. ನಾವು ಕೀವುಗಡ್ಡೆಯನ್ನು ಒಡೆಯಲು ಬಳಸುವ ಹನ್ನೊಂದನೇ ನಂಬರಿನ ಬ್ಲೇಡು ಅವರ ಮೇಜಿನ ಮೇಲೆ ಕಿಟಕಿ ಕತ್ತರಿಸುತ್ತಿರುತ್ತದೆ! ಗಾಯವಾಗುವುದು ಹೆಚ್ಚಾಗಿ ಎಡಗೈ ತೋರುಬೆರಳಿಗೆ, ಅದೂ ಮೊಂಡಾದ ಬ್ಲೇಡಿನಿಂದ. ಮೊಂಡಾದರೆ ಒತ್ತುತ್ತೇವೆ, ಒತ್ತಿದರೆ ಜಾರುತ್ತದೆ. ಇನ್ನೊಂದು, ಮೇಜಿನಿಂದ ಉರುಳಿದ ಚಾಕುವನ್ನು ತೊಡೆ ಕೂಡಿಸಿ ಹಿಡಿಯುವ ಅಭ್ಯಾಸ. ಬಿದ್ದರೆ ಬೀಳಲಿ ಬಿಡಿ. ಗಾಯದ ಮೇಲೆ ಶುದ್ಧ ಬಟ್ಟೆಯಿಟ್ಟು, ಕೈ ಮೇಲೆತ್ತಿ, ಹತ್ತು ನಿಮಿಷ ಬಿಡದೆ ಒತ್ತಿ. ನಿಂತಿತೇ ಎಂದು ನಡುನಡುವೆ ತೆಗೆದು ನೋಡಬಾರದು. ಕಾಫಿಪುಡಿ ತುಂಬಬೇಡಿ. ರಕ್ತ ನಿಂತ ಮೇಲೆ ಬೆರಳಿನ ಪ್ರತಿ ಗೆಣ್ಣನ್ನೂ ಮಡಿಸಿ ನೋಡಿ, ತುದಿಯನ್ನು ಮುಟ್ಟಿ ನೋಡಿ. ಮಡಿಸಲಾಗದಿದ್ದರೆ ಅಥವಾ ಒಂದು ಪಕ್ಕ ಜೋಮು ಹಿಡಿದಿದ್ದರೆ ಗಾಯ ಎಷ್ಟೇ ಚಿಕ್ಕದಿರಲಿ, ಒಳಗೆ ನರವೋ ಸ್ನಾಯುರಜ್ಜುವೋ ಕತ್ತರಿಸಿರಬಹುದು. ಅಂದೇ ಆಸ್ಪತ್ರೆಗೆ ಹೋಗಿ. ಧನುರ್ವಾಯು ಚುಚ್ಚುಮದ್ದು ಹತ್ತು ವರ್ಷದಿಂದ ಹಾಕಿಸಿಲ್ಲದವರು ಅದನ್ನೂ ಹಾಕಿಸಿಕೊಳ್ಳಿ.

ಮೇಜು ಹೇಳುವ ರೋಗ

ನನಗೆ ಈ ಹವ್ಯಾಸದಲ್ಲಿ ಅತ್ಯಂತ ಉಪಯುಕ್ತವೆನಿಸುವ ಸಂಗತಿ ಬೇರೆಯೇ. ಎರಡು ಮಿಲಿಮೀಟರಿನ ಕಿಟಕಿ ಸರಳನ್ನು ಚಿಮುಟದಿಂದ ಹಿಡಿದು ನೆಟ್ಟಗೆ ನಿಲ್ಲಿಸುವ ಕೆಲಸ ದಿನಾ ಮಾಡುವವರಿಗೆ, ಕಣ್ಣು ಕೈಗಳ ತೊಂದರೆ ಬೇರೆಯವರಿಗಿಂತ ಮೊದಲೇ ಗೊತ್ತಾಗುತ್ತದೆ. ಆದರೆ “ವಯಸ್ಸಾಯಿತಲ್ಲ, ಇನ್ನೇನು” ಎಂದು ಮನೆಯವರೂ ಅವರೂ ಸೇರಿ ತಳ್ಳಿಹಾಕುತ್ತಾರೆ.

ರೈಲ್ವೆಯಲ್ಲೇ ಕೆಲಸ ಮಾಡಿ ನಿವೃತ್ತರಾದ ಒಬ್ಬರು ನನ್ನ ಬಳಿ ಬರುತ್ತಾರೆ. ಒಂದು ಸಲ ಬಂದಾಗ, “ಡಾಕ್ಟ್ರೇ, ಚಿಮುಟದಿಂದ ಕಿಟಕಿ ಬಿದ್ದುಬಿದ್ದು ಹೋಗುತ್ತೆ, ಕನ್ನಡಕದ ನಂಬರ್ ಎರಡು ಸಲ ಬದಲಾಯಿಸಿದೆ” ಎಂದರು. ಜೊತೆಗಿದ್ದ ಅವರ ಹೆಂಡತಿ, “ಇವರಿಗೆ ಬೇರೆ ಕೆಲಸ ಇಲ್ಲ ಡಾಕ್ಟ್ರೇ, ನೀವಾದರೂ ಹೇಳಿ” ಎಂದರು. ಕೇಳುತ್ತಾ ಹೋದಂತೆ, ರಾತ್ರಿ ಬಲಗೈ ಜೋಮು ಹಿಡಿದು ಎಚ್ಚರವಾಗುತ್ತದೆ, ಕೊಡವಿದರೆ ಸರಿಹೋಗುತ್ತದೆ ಎಂದು ತಿಳಿಯಿತು. ಹೆಬ್ಬೆರಳ ಬುಡದ ಉಬ್ಬು ಸಪಾಟಾಗತೊಡಗಿತ್ತು. ಮಣಿಕಟ್ಟಿನ ಕಿರಿದಾದ ಓಣಿಯಲ್ಲಿ ನರ ಒತ್ತಿಹೋಗುವ ಈ ತೊಂದರೆಗೆ ಕಾರ್ಪಲ್ ಟನಲ್ ಎಂದು ಹೆಸರು. ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ ಇರುವವರಲ್ಲಿ ಇದು ಹೆಚ್ಚು. ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಜೋರಾಗಿಯೇ ಇತ್ತು. ಕನ್ನಡಕದ ನಂಬರು ಪದೇ ಪದೇ ಬದಲಾಗುತ್ತಿದ್ದುದಕ್ಕೂ ಕಾರಣ ಅದೇ: ಸಕ್ಕರೆ ಏರಿಳಿದಂತೆ ಕಣ್ಣಿನ ಮಸೂರದ ಶಕ್ತಿಯೂ ಏರುಪೇರಾಗುತ್ತದೆ. ಸಕ್ಕರೆ ಹತೋಟಿಗೆ ಬಂತು, ಮಣಿಕಟ್ಟಿಗೆ ಒಂದು ಚಿಕ್ಕ ಶಸ್ತ್ರಚಿಕಿತ್ಸೆ ಆಯಿತು. ಕೈ ಪೂರ್ತಿ ಮೊದಲಿನಂತಾಗಿಲ್ಲ, ಇನ್ನಷ್ಟು ಕೆಡುವುದು ನಿಂತಿದೆ. ಆ ಕಿಟಕಿ ಬೀಳದಿದ್ದರೆ ಸಕ್ಕರೆ ಇನ್ನೆಷ್ಟು ವರ್ಷ ಗುಟ್ಟಾಗಿ ಇರುತ್ತಿತ್ತೋ.

ಕೈ ನಡುಗುವುದೆಲ್ಲ ಒಂದೇ ಅಲ್ಲ. ಕೆಲಸ ಮಾಡುವಾಗ ಎರಡೂ ಕೈ ನಡುಗಿ, ತೊಡೆಯ ಮೇಲಿಟ್ಟರೆ ನಿಲ್ಲುವುದು ಒಂದು ಬಗೆ. ಇದು ಕೆಲವು ಮನೆತನಗಳಲ್ಲೇ ಬರುತ್ತದೆ, ಔಷಧಿಗೆ ಬಗ್ಗುತ್ತದೆ. ಸುಮ್ಮನಿದ್ದಾಗ ಒಂದೇ ಕೈ ನಡುಗುವುದು, ಜೊತೆಗೆ ಕೆಲಸ ನಿಧಾನವಾಗುವುದು, ಅಕ್ಷರ ಸಣ್ಣದಾಗುತ್ತ ಹೋಗುವುದು, ಅಂಟಿನ ವಾಸನೆಯೇ ತಿಳಿಯದಿರುವುದು ಬೇರೆ ಬಗೆ. ಪಾರ್ಕಿನ್ಸನ್ ಕಾಯಿಲೆ ಇರಬಹುದು, ನರರೋಗ ತಜ್ಞರನ್ನು ಕಾಣಬೇಕು. ಉಬ್ಬಸದ ಪಂಪು, ಥೈರಾಯ್ಡ್ ಹೆಚ್ಚಳ, ಮೂರನೇ ಲೋಟ ಕಾಫಿ, ಇವೂ ಕೈ ನಡುಗಿಸುತ್ತವೆ.

ಇನ್ನು ಕಣ್ಣು. ನಲವತ್ತಕ್ಕೆ ಚಾಳೀಸು ಬರುವುದು ಎಲ್ಲರಿಗೂ ಗೊತ್ತು. ಆದರೆ ಪೇಪರ್ ಓದಲು ಕೊಟ್ಟ ಕನ್ನಡಕ ಒಂದೂಕಾಲು ಅಡಿ ದೂರಕ್ಕೆ ಲೆಕ್ಕ ಹಾಕಿದ್ದು. ಮಾದರಿ ಕಟ್ಟುವವರು ಮುಕ್ಕಾಲು ಅಡಿಗೆ ಬಗ್ಗುತ್ತಾರೆ, ಕುತ್ತಿಗೆ ನೋವು ಅಲ್ಲಿಂದ. ನಿಮ್ಮ ಕೆಲಸದ ದೂರವನ್ನು ಅಳೆದು ಕನ್ನಡಕ ಕೊಡುವವರಿಗೆ ಹೇಳಿ. ಬೆಳಕಂತೂ ಧಾರಾಳವಾಗಿರಲಿ: ಅರವತ್ತರ ಕಣ್ಣಿನ ಒಳಪರದೆಗೆ ತಲುಪುವುದು ಇಪ್ಪತ್ತರ ಕಣ್ಣಿಗೆ ತಲುಪುವ ಬೆಳಕಿನ ಮೂರನೇ ಒಂದು ಪಾಲು ಮಾತ್ರ.

ಕಣ್ಣಿನ ಬಗ್ಗೆ ಇನ್ನೊಂದು ಪರೀಕ್ಷೆ ನಿಮ್ಮ ಮೇಜಿನ ಮೇಲೆಯೇ ಇದೆ. ಕಿಟ್‌ನ ಇಟ್ಟಿಗೆ ಗೋಡೆಯನ್ನು ಓದುವ ಕನ್ನಡಕ ಹಾಕಿಕೊಂಡು ಒಂದು ಕಣ್ಣು ಮುಚ್ಚಿ ನೋಡಿ, ಆಮೇಲೆ ಇನ್ನೊಂದು. ನೇರವಾಗಿರಬೇಕಾದ ಇಟ್ಟಿಗೆ ಸಾಲು ಒಂದು ಕಣ್ಣಿಗೆ ಅಲೆಯಂತೆ ಡೊಂಕಾಗಿ ಕಂಡರೆ ಅಥವಾ ನಡುವೆ ಮಸುಕು ಚುಕ್ಕೆ ಇದ್ದರೆ ಅದು ಚಾಳೀಸಲ್ಲ, ಒಳಪರದೆಯ ನಡುಭಾಗದ ತೊಂದರೆ. ಎರಡೂ ಕಣ್ಣು ತೆರೆದಾಗ ಒಳ್ಳೆಯ ಕಣ್ಣು ಇದನ್ನು ಮುಚ್ಚಿಹಾಕುವುದರಿಂದ ತಿಂಗಳುಗಟ್ಟಲೆ ತಿಳಿಯುವುದೇ ಇಲ್ಲ. ಕಣ್ಣಿನೊಳಕ್ಕೆ ಕೊಡುವ ಇಂಜೆಕ್ಷನ್ನುಗಳಿಂದ ಈಗ ದೃಷ್ಟಿ ಉಳಿಸಬಹುದಾದ ಪ್ರಸಂಗಗಳು ಬಹಳ. ವಾರದೊಳಗೆ ಹೋಗಬೇಕು; ಮುಂದಿನ ತಿಂಗಳು, ಹಬ್ಬ ಕಳೆದ ಮೇಲೆ ಎನ್ನಬಾರದು.

ಪೆಟ್ಟಿಗೆಗಳ ಅಟ್ಟ

ಕಟ್ಟದೆ ಇಟ್ಟ ಕಿಟ್‌ಗಳ ರಾಶಿ ಈ ಹವ್ಯಾಸದಲ್ಲಿ ಸಾಮಾನ್ಯ. ಸೀರೆ ಬೀರುವಿನಲ್ಲಿ ಉಡದ ಸೀರೆಗಳಿರುವ ಹಾಗೆ, ಅದೇನೂ ರೋಗವಲ್ಲ. ಜೋಡಿಸಿಟ್ಟು, ಪಟ್ಟಿ ಬರೆದು, ಬಂದವರಿಗೆ ತೋರಿಸಿ ಖುಷಿಪಡುವುದು ಸಂಗ್ರಹ. ಮಂಚ, ಸ್ನಾನದ ಮನೆ ಬಳಸಲಾಗದಂತೆ ಸಾಮಾನು ತುಂಬಿ, ಒಂದನ್ನು ಬಿಸಾಡೆಂದರೂ ಸಂಕಟಪಡುವುದು ಬೇರೆ. ಅಮೆರಿಕದ ಮನೋವೈದ್ಯರ 2013ರ ಕೈಪಿಡಿ ಅದನ್ನು ಪ್ರತ್ಯೇಕ ಕಾಯಿಲೆಯೆಂದೇ ಪಟ್ಟಿ ಮಾಡಿತು. ಅದಕ್ಕೆ ಚಿಕಿತ್ಸೆಯೂ ಇದೆ. ಸಂಗ್ರಹಕಾರರ ವಿಷಯದಲ್ಲಿ ನನಗಿರುವ ಹೆದರಿಕೆ ಬಹಳ ಸಾದಾ: ಪೆಟ್ಟಿಗೆಗಳು ಅಟ್ಟದ ಮೇಲಿರುತ್ತವೆ, ಅರವತ್ತೈದರವರು ಸ್ಟೂಲು ಹತ್ತುತ್ತಾರೆ, ಸೊಂಟದ ಮೂಳೆ ಮುರಿಯುತ್ತದೆ. ಪೆಟ್ಟಿಗೆಗಳನ್ನು ಸೊಂಟದೆತ್ತರಕ್ಕೆ ಇಳಿಸಿ. ಉಬ್ಬಸದವರು ಹಳೆಯ ರಟ್ಟಿನ ಡಬ್ಬಿಗಳ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆರೆಯಿರಿ.

ಮೊಮ್ಮಕ್ಕಳು ಬಂದಾಗ

ಕೊನೆಯದಾಗಿ ಮನೆಯ ಪುಟಾಣಿಗಳು. ಸ್ಟೇಷನ್ನಿನ ಛಾವಣಿಯನ್ನು ತೆಗೆದು ಒಳಗಿನದನ್ನು ತೋರಿಸಲೆಂದು ಕೆಲವರು ಕಾಳಿನಷ್ಟು ಚಿಕ್ಕ, ಬಲವಾದ ಆಯಸ್ಕಾಂತಗಳನ್ನು ಕೂರಿಸುತ್ತಾರೆ. ಇವೆರಡನ್ನು ಮಗು ನುಂಗಿದರೆ, ಕರುಳಿನ ಬೇರೆ ಬೇರೆ ಸುರುಳಿಗಳಲ್ಲಿದ್ದುಕೊಂಡೇ ಒಂದನ್ನೊಂದು ಎಳೆದು, ನಡುವೆ ಸಿಕ್ಕಿದ ಕರುಳಿನ ಗೋಡೆಯನ್ನು ತೂತು ಮಾಡುತ್ತವೆ. ಮಗು ಆಡಿಕೊಂಡಿದ್ದರೂ ಎಕ್ಸ್‌ರೇ ಬೇಕೇ ಬೇಕು. “ನಾಳೆ ಮಲದಲ್ಲಿ ಹೋಗುತ್ತದೆ” ಎಂದು ಕಾಯಬಾರದು.

ಕಟ್ಟಡದೊಳಗೆ ದೀಪ ಉರಿಸುವ ನಾಣ್ಯದಂಥ ಬ್ಯಾಟರಿ ಇನ್ನೂ ಅಪಾಯದ್ದು. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಸುಟ್ಟು ಗಾಯ ಮಾಡಬಲ್ಲದು. ಬ್ಯಾಟರಿಯ ಡಬ್ಬಿಗೆ ಸ್ಕ್ರೂ ಹಾಕಿದ ಮುಚ್ಚಳವಿರಲಿ. ನುಂಗಿದೆ ಎಂಬ ಅನುಮಾನ ಬಂದರೂ ಸಾಕು, ಎಕ್ಸ್‌ರೇ ಮತ್ತು ಎಂಡೋಸ್ಕೋಪಿ ಇರುವ ಆಸ್ಪತ್ರೆಗೆ ಹೊರಡಿ. ವಾಂತಿ ಮಾಡಿಸಬೇಡಿ, ಊಟ ಕೊಡಬೇಡಿ. ಮಗುವಿಗೆ ಒಂದು ವರ್ಷ ದಾಟಿದ್ದು, ನುಂಗಿ ಹನ್ನೆರಡು ಗಂಟೆಯೊಳಗಾಗಿದ್ದು, ನುಂಗಲು ಕಷ್ಟವಿಲ್ಲದಿದ್ದರೆ ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚದಷ್ಟು ಜೇನುತುಪ್ಪ ಕೊಡಬಹುದು, ಒಟ್ಟು ಆರು ಸಲಕ್ಕೆ ಮೀರದಂತೆ. ಅದು ಸುಡುವ ವೇಗವನ್ನು ಸ್ವಲ್ಪ ತಗ್ಗಿಸುತ್ತದೆ. ಜೇನಿನ ಸೀಸೆ ಕೈಗೆ ಸಿಗಲಿಲ್ಲವೆಂದು ಹುಡುಕುತ್ತಾ ನಿಲ್ಲಬೇಡಿ, ಮೊದಲು ಆಟೋ ಹತ್ತಿ.